ಹುಬ್ಬಳ್ಳಿಯ ಎಲೆಕ್ಟ್ರಿಷಿಯನ್ ಹಡಗು ಏರಬೇಕೆಂದರೆ

ಗೋಕುಲ ರಸ್ತೆಯ ಶೆಡ್ಡಿನಲ್ಲಿ ಮೋಟರ್ ಸುಟ್ಟರೆ ರಿವೈಂಡಿಂಗ್ ಅಂಗಡಿಗೆ ಹೊತ್ತೊಯ್ಯಬಹುದು. ‘ಹಡಗಿನಾಗ ಕರೆಂಟ್ ಹೋದ್ರ ಹೆಸ್ಕಾಂಗ ಫೋನ್ ಮಾಡಾಕ ಬರಂಗಿಲ್ಲ’ ಎನ್ನುವುದು ಹುಡುಗರಿಗೆ ನಾನು ಹೇಳುವ ಮೊದಲ ಮಾತು. ಜನರೇಟರ್, ಕ್ರೇನ್, ಅಡುಗೆಮನೆಯ ಒಲೆ ಎಲ್ಲಕ್ಕೂ ಸಾಮಾನ್ಯವಾಗಿ ಒಬ್ಬನೇ ಆಳು: ಇಟಿಒ, ಅಂದರೆ ಎಲೆಕ್ಟ್ರೋ-ಟೆಕ್ನಿಕಲ್ ಆಫೀಸರ್. ಹಡಗು ಸಿಬ್ಬಂದಿಯ ತರಬೇತಿಗೆ ಇರುವ ಅಂತರರಾಷ್ಟ್ರೀಯ ಒಪ್ಪಂದ ಎಸ್‌ಟಿಸಿಡಬ್ಲ್ಯೂಗೆ 2010ರಲ್ಲಿ ಮನಿಲಾದಲ್ಲಿ ತಿದ್ದುಪಡಿಯಾಗಿ, ಈ ಹುದ್ದೆಗೆ ಪ್ರತ್ಯೇಕ ಪ್ರಮಾಣಪತ್ರ ಬಂತು. 2012ರ ಜನವರಿ 1ರಿಂದ ಅದು ಜಾರಿಯಲ್ಲಿದೆ.

ಮೊದಲು ಕಣ್ಣು. ಕೋರ್ಸಿನ ಶುಲ್ಕ ಲಕ್ಷಗಟ್ಟಲೆ. ಅದನ್ನು ಕಟ್ಟಿದ ಮೇಲೆ ವೈದ್ಯರ ಮುಂದೆ ಕೂತು ಚುಕ್ಕೆಗಳ ನಡುವಿನ ಅಂಕಿ ಕಾಣಲಿಲ್ಲವೆಂದರೆ ದುಡ್ಡು ನೀರಿಗೆ. ಕೆಂಪು-ಹಸಿರು ಗುರುತಿಸಲಾಗದ ಎಷ್ಟೋ ಜನರಿಗೆ ತಮ್ಮ ದೋಷದ ಅರಿವೇ ಇರುವುದಿಲ್ಲ. ಊರಿನ ಕಣ್ಣಿನ ಡಾಕ್ಟರ ಬಳಿ ತೋರಿಸಿಕೊಂಡು, ಆಮೇಲೆ ಡಿಜಿ ಶಿಪ್ಪಿಂಗ್ (ಹಡಗು ಸಾರಿಗೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಮಹಾನಿರ್ದೇಶನಾಲಯ) ಒಪ್ಪಿದ ವೈದ್ಯರಲ್ಲಿ ಪೂರ್ತಿ ತಪಾಸಣೆ ಮಾಡಿಸಿ. ವೈದ್ಯಕೀಯ ಪ್ರಮಾಣಪತ್ರ ಹೆಚ್ಚೆಂದರೆ 2 ವರ್ಷ ನಡೆಯುತ್ತದೆ.

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಿಲ್ಲ, ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರವಿದೆ. ಹತ್ತನೆಯ ತರಗತಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಅಪ್ಪನ ಹೆಸರು, ಅಡ್ಡಹೆಸರು ಒಂದೊಂದು ಕಡೆ ಒಂದೊಂದು ಥರ ಇರುವುದು ನಮ್ಮ ಕಡೆ ಬಲು ಸಾಮಾನ್ಯ.

ಇಟಿಒ ಆಗಲು ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಇಲ್ಲವೇ ಬಿಇ ಬೇಕು. ಅದರ ಮೇಲೆ ಡಿಜಿ ಶಿಪ್ಪಿಂಗ್ ಮಾನ್ಯತೆಯ ಸಂಸ್ಥೆಯಲ್ಲಿ ಸುಮಾರು 4 ತಿಂಗಳ ಕೋರ್ಸ್. ಬರಿಯ ಐಟಿಐ ಇದಕ್ಕೆ ಸಾಲದು. ಐಟಿಐ ಮುಗಿಸಿದವರು ಸಾಮಾನ್ಯವಾಗಿ ಜಿಪಿ ರೇಟಿಂಗ್, ಅಂದರೆ ಅಧಿಕಾರಿಯಲ್ಲದ ಸಾಮಾನ್ಯ ಹಡಗು ಸಿಬ್ಬಂದಿಯ ಕೋರ್ಸಿನ ದಾರಿ ಹಿಡಿಯುತ್ತಾರೆ.

ಡಿಪ್ಲೊಮಾದಲ್ಲಿ ಕಲಿತದ್ದನ್ನು ಸ್ವಲ್ಪ ಮರೆಯಬೇಕಾಗುವುದು ಇಲ್ಲಿ. ನಮ್ಮ ಮನೆಗೆ ಬರುವುದು 50 ಹರ್ಟ್ಸ್ ಕರೆಂಟ್. ಹಡಗಿನಲ್ಲಿ ಹೆಚ್ಚಾಗಿ 440 ವೋಲ್ಟ್, 60 ಹರ್ಟ್ಸ್. ಅಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಅನ್ನು ಅರ್ಥ್ ಮಾಡಿರುವುದಿಲ್ಲ. ಒಂದು ಫೇಸ್ ಹಡಗಿನ ಕಬ್ಬಿಣಕ್ಕೆ ತಾಗಿದರೂ ಬ್ರೇಕರ್ ಬೀಳದು, ಸ್ಟೀರಿಂಗ್ ಮೋಟರ್ ನಿಲ್ಲದು, ಅದೇ ಉದ್ದೇಶ. ಗೊತ್ತಾಗುವುದು ಸ್ವಿಚ್‌ಬೋರ್ಡಿನ ಮೂರು ದೀಪಗಳಿಂದ: ತಾಗಿದ ಫೇಸಿನ ದೀಪ ಮಂಕಾಗುತ್ತದೆ, ಉಳಿದೆರಡು ಇನ್ನಷ್ಟು ಬೆಳಗುತ್ತವೆ. ಆಗ ಒಂದೊಂದೇ ಸರ್ಕ್ಯೂಟ್ ತೆಗೆದು, ದೀಪ ಯಾವಾಗ ಸರಿಯಾಯಿತು ನೋಡಿ, ಮೆಗ್ಗರ್ (ತಂತಿಯ ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚಿ ದೋಷ ಹುಡುಕಬೇಕು. ಎರಡನೆಯ ಫೇಸೂ ತಾಗುವ ಮೊದಲು. ಮುಖ್ಯ ಕರೆಂಟ್ ಹೋದರೆ ತುರ್ತು ಜನರೇಟರ್ 45 ಸೆಕೆಂಡಿನೊಳಗೆ ಭಾರ ಹೊರಬೇಕು. ಅದರ ಬ್ಯಾಟರಿ ನೋಡಿಕೊಳ್ಳುವವನೂ ಇಟಿಒನೇ.

ಇಟಿಒ ಕೋರ್ಸಿನ ಜೊತೆಗೆ ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ, ಹಡಗಿನ ಭದ್ರತೆ ಎಂಬ ಚಿಕ್ಕ ಕೋರ್ಸುಗಳಿವೆ. ನಾವಿಕರ ದಾಖಲೆಯ ಇಂಡೋಸ್ ಸಂಖ್ಯೆ, ಆಮೇಲೆ ನಾವಿಕನ ಗುರುತು ಮತ್ತು ಸಮುದ್ರ ಸೇವೆಯ ದಾಖಲೆಯಾದ ಸಿಡಿಸಿ ಪುಸ್ತಕವನ್ನೂ ಪಡೆಯಬೇಕು.

ನಿಜವಾದ ಕಷ್ಟ ಮೊದಲ ಹಡಗು ಸಿಗುವುದು. ಏಜೆಂಟರಿಗೆ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ನೇಮಿಸಿ ಕೆಲಸಕ್ಕೆ ಸೇರಿಸುವ ಪರವಾನಗಿ ಇದೆಯೇ ಎಂದು ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿ ನೋಡಿ. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದು ಕಾನೂನುಬಾಹಿರ. ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡಿಸಿ ‘ಮುಂದಿನ ವಾರ ಜಾಯ್ನಿಂಗ್’ ಅಂದವನನ್ನು ನಂಬಿ ನನ್ನ ಪರಿಚಯದ ಮನೆಯೊಂದು ಎರಡೆಕರೆ ಹೊಲ ಮಾರಿತು. ಹುಡುಗ ಈಗಲೂ ಊರಲ್ಲೇ ಇದ್ದಾನೆ.

ಟ್ರೈನಿಯಾಗಿ ಏರಿದ ಮೇಲೆ ತರಬೇತಿ ದಾಖಲೆ ಪುಸ್ತಕವನ್ನು ಆಗಿಂದಾಗ್ಗೆ ತುಂಬಿ, ಮೇಲಧಿಕಾರಿಯ ಸಹಿ ಹಾಕಿಸಿಕೊಳ್ಳಿ. ವರ್ಕ್‌ಶಾಪ್ ಮತ್ತು ಸಮುದ್ರ ಸೇರಿ ಕನಿಷ್ಠ 12 ತಿಂಗಳು, ಅದರಲ್ಲಿ ಸಮುದ್ರದಲ್ಲೇ 6 ತಿಂಗಳು ಆಗಿರಬೇಕೆಂದು ಎಸ್‌ಟಿಸಿಡಬ್ಲ್ಯೂ ಒಪ್ಪಂದ ಹೇಳುತ್ತದೆ. ಬಳಿಕ ಡಿಜಿ ಶಿಪ್ಪಿಂಗ್ ಅಡಿಯ ಮರ್ಕೆಂಟೈಲ್ ಮರೀನ್ ಡಿಪಾರ್ಟ್‌ಮೆಂಟಿನಲ್ಲಿ ಲಿಖಿತ ಮತ್ತು ಮೌಖಿಕ ಪರೀಕ್ಷೆ. ಪಾಸಾದರೆ ಸಿಒಸಿ, ಅಂದರೆ ಸಾಮರ್ಥ್ಯ ಪ್ರಮಾಣಪತ್ರ. 5 ವರ್ಷಕ್ಕೊಮ್ಮೆ ನವೀಕರಣ. ಒಂದು ಸಾವಿರ ವೋಲ್ಟ್ ಮೀರಿದ್ದೆಲ್ಲ ಹಡಗಿನವರ ಲೆಕ್ಕದಲ್ಲಿ ಹೈ ವೋಲ್ಟೇಜ್. 6600 ವೋಲ್ಟಿನ ದೊಡ್ಡ ಹಡಗಿನ ಮೇಲೆ ಕಣ್ಣಿದ್ದರೆ ಅದರ ಕೋರ್ಸನ್ನೂ ಮುಗಿಸಿಕೊಳ್ಳಿ.