ಹಿತ್ತಲಿಗೆ ಪತಂಗ ಕರೆಸುವುದು ಹೇಗೆ?

ಶಿಡ್ಲಘಟ್ಟ ಕಡೆಯವರಿಗೆ ರೇಷ್ಮೆ ಪತಂಗ ಗೊತ್ತೇ ಇದೆ, ಅದು ಹಾರಲಾರದು. ಹಾರುವಂಥವನ್ನು ನೋಡಬೇಕೆಂದರೆ ಎರಡು ಕಂಬಗಳ ನಡುವೆ ಬಿಳಿ ಹತ್ತಿ ಪಂಚೆ ಬಿಗಿಯಾಗಿ ಕಟ್ಟಿ, ಕೆಳಗಿನ ಅಂಚನ್ನು ನೆಲಕ್ಕೆ ಹಾಸಿ ಕಲ್ಲಿಡಿ. ಬಟ್ಟೆ ಪಟಪಟ ಬಡಿದರೆ ಯಾವುದೂ ಕೂರುವುದಿಲ್ಲ. ಗೋಡೆಯಿಂದ ದೂರವಿರಲಿ, ಇಲ್ಲದಿದ್ದರೆ ಹಲ್ಲಿಗಳಿಗೆ ಹಬ್ಬ.

ಪತಂಗಗಳನ್ನು ಬಟ್ಟೆಯತ್ತ ಸೆಳೆಯುವುದು ದೀಪ; ಹೆಚ್ಚಿನವರು ಸೋಲುವುದು ಈ ಬಲ್ಬಿನಲ್ಲೇ. ಮನೆಯ ಎಲ್‌ಇಡಿಯಲ್ಲಿ ಅವನ್ನು ಸೆಳೆಯುವ ನೇರಳಾತೀತ (ಯುವಿ) ಬೆಳಕು ಇಲ್ಲವೆನ್ನುವಷ್ಟು ಕಡಿಮೆ. ಯುವಿ-ಎ (ಬ್ಲ್ಯಾಕ್‌ಲೈಟ್) ಟ್ಯೂಬ್ ತಂದು ಬಟ್ಟೆಯಿಂದ ಒಂದಡಿ ಮುಂದೆ ತೂಗುಹಾಕಿ; ಅದನ್ನೇ ದಿಟ್ಟಿಸಬೇಡಿ. ಅಮಾವಾಸ್ಯೆಯ ಆಸುಪಾಸು, ಮಳೆ ಬಿದ್ದ ಮೇಲಿನ ಸೆಕೆಯ ರಾತ್ರಿ, 7ರಿಂದ 10 ಗಂಟೆ ಒಳ್ಳೆಯದು. ಬೆಳದಿಂಗಳಲ್ಲಿ ಸುಮ್ಮನೆ ಶ್ರಮ.

ದೀಪಕ್ಕೆ ಬಾರದವು ಸಿಹಿಗೆ ಬರುತ್ತವೆ. ಕಾಲು ಕೆಜಿ ಬೆಲ್ಲ, ಎರಡು ಕಳಿತ ಬಾಳೆಹಣ್ಣು ಕಿವುಚಿ, ಸಡಿಲವಾಗಿ ಮುಚ್ಚಿ ಎರಡು ದಿನ ಹುಳಿ ಬರಿಸಿ, ಮುಸ್ಸಂಜೆ ಮರದ ತೊಗಟೆಗೆ ಸವರಿ. ಗಟ್ಟಿಯಾಗಿರಲಿ, ನೀರಾದರೆ ಇಳಿದುಹೋಗುತ್ತದೆ.

ನಂದಿಬಟ್ಟಲು ಗಿಡದಲ್ಲಿ ನೀಲಿ ಕಣ್ಣಿನಂಥ ಚುಕ್ಕೆಯಿರುವ ದಪ್ಪ ಹಸಿರು ಹುಳು ಕಂಡರೆ ಔಷಧಿ ಹೊಡೆಯಬೇಡಿ, ಅದೇ ಮುಂದೆ ಹಸಿರು ಗಿಡುಗ ಪತಂಗವಾಗುತ್ತದೆ.

10ಕ್ಕೆ ದೀಪ ಆರಿಸಿ, ಬಟ್ಟೆಯನ್ನು ಪೊದೆಯ ಬಳಿ ಮೆಲ್ಲಗೆ ಕೊಡವಿ. ಹಾಗೇ ಬಿಟ್ಟರೆ ಬೆಳಿಗ್ಗೆ ಕಾಜಾಣಕ್ಕೆ ತಿಂಡಿ.