ಮುರಕಲ್ಲಿನ ನಾಡಿನಲ್ಲಿ ಅಪಟೈಟ್ ತೆಗೆದ ಬಗೆ

ಅಪಟೈಟ್ ಎಂಬ ಫಾಸ್ಫೇಟ್ ಖನಿಜದೊಳಗೆ ಯುರೇನಿಯಂ ಪರಮಾಣು ಒಡೆದಾಗ ಸೂಕ್ಷ್ಮ ಗೆರೆ ಉಳಿಯುತ್ತದೆ. ಅದೇ ಫಿಶನ್ ಟ್ರ್ಯಾಕ್. ಅವನ್ನು ಎಣಿಸಿದರೆ ಬಂಡೆ ತಣಿದ ಕಾಲ ಸಿಗುತ್ತದೆ. ಕಾಸರಗೋಡಿನಲ್ಲಿ ಹಾಗೆ ಎಣಿಸುವಂಥ ಅಪಟೈಟ್ ಸಿಗದು ಎಂದವರೇ ಹೆಚ್ಚು. ಕಂದು ತಿರುಗಿದ ಬಂಡೆಯ ಮಟ್ಟಿಗೆ ಅದು ನಿಜ. ಹುಳಿ ಮಣ್ಣಿನ ನೀರು ಇಳಿದಲ್ಲೆಲ್ಲ ಅಪಟೈಟ್ ಕರಗಿರುತ್ತದೆ, ಹತ್ತು ಕಿಲೋ ಅರೆದರೂ ಉಳಿಯುವುದು ಸುಲಭಕ್ಕೆ ಕರಗದ ಜಿರ್ಕಾನ್ ಖನಿಜ. ಕಪ್ಪುಕಲ್ಲಿನ ಕೋರೆಯ ತಳದಲ್ಲಿ ಆಗಷ್ಟೇ ಸಿಡಿಸಿದ ಕಲ್ಲಾದರೆ ಐದಾರು ಕಿಲೋ ಸಾಕು. ಕರಾವಳಿಯಿಂದ ಸುಮಾರು 1000 ಮೀಟರ್ ಎತ್ತರದ ರಾಣಿಪುರಂ ಬೆಟ್ಟದ ಕಡೆಗೆ ಏರುತ್ತ ಹೀಗೇ ಆರಿಸಿದೆ. ಕೋರೆಯಿಲ್ಲದ ಕಡೆ ತೊರೆ ಸವೆಸಿದ ಗಟ್ಟಿ ಬಂಡೆ.

ಅರೆದು, 60–250 ಮೈಕ್ರಾನ್ ಜರಡಿ ಹಿಡಿದು, ಕೊನೆಯ ಹಿಡಿಯನ್ನು ತೆಂಗಿನ ಗೆರಟೆಯಲ್ಲಿ ತೊಳೆಯುತ್ತೇನೆ. ಆ ಕೈತಿರುವು ಬರೆದು ತಿಳಿಸುವಂಥದ್ದಲ್ಲ, ನನ್ನಲ್ಲೇ ಇರಲಿ. ಹಗುರ ಕಣಗಳನ್ನು ತೇಲಿಸಿ ಬೇರೆ ಮಾಡಲು ಬ್ರೋಮೋಫಾರ್ಮ್ ಎಂಬ ಭಾರವಾದ ದ್ರವ ಬಳಸುತ್ತೇನೆ. ಆದರೆ ನಮ್ಮ ಕಪ್ಪುಕಲ್ಲಾದ ಚಾರ್ನೊಕೈಟಿನ ಹೈಪರ್ಸ್ತೀನ್ ಎಂಬ ಕಬ್ಬಿಣಭರಿತ ಖನಿಜವೂ ಅದರಲ್ಲಿ ಅಪಟೈಟಿನ ಜೊತೆಗೇ ಮುಳುಗುತ್ತದೆ. ಆದ್ದರಿಂದ ಅದನ್ನು ಅಯಸ್ಕಾಂತದಿಂದ ಸೆಳೆದು ತೆಗೆಯುವ ಫ್ರಾಂಟ್ಜ್ ಯಂತ್ರ ಮೊದಲು, ದ್ರವ ಆಮೇಲೆ. ಬ್ರೋಮೋಫಾರ್ಮ್ ಅರ್ಧ ಲೀಟರಿಗೆ ಆರೇಳು ಸಾವಿರ ಬಿದ್ದ ನೆನಪು. ಕಣಗಳನ್ನು ಅಸಿಟೋನಿನಲ್ಲಿ ತೊಳೆದಾಗ ಬರುವ ದ್ರವವನ್ನು ಚೆಲ್ಲಬೇಡಿ. ನೀರು ಹಾಕಿ ಕುಲುಕಿದರೆ ಅಸಿಟೋನ್ ನೀರಿಗೆ ಹೋಗಿ ಬ್ರೋಮೋಫಾರ್ಮ್ ತಳಕ್ಕಿಳಿಯುತ್ತದೆ. ಅದನ್ನು ಸೋಸಿ ಕಂದು ಬಾಟಲಿಗೆ ತುಂಬಿ. ಹೀಗೆ ಮುಕ್ಕಾಲು ಪಾಲು ಹಣ ವಾಪಸ್ ಬಂತು.

ಗೆರೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುವಂತೆ ಆಮ್ಲದಿಂದ ಕೊರೆಯುವುದೇ ಎಚಿಂಗ್. ಅದಕ್ಕೆ 5.5 ಮೋಲಾರ್ ನೈಟ್ರಿಕ್ ಆಮ್ಲ, 21 ಡಿಗ್ರಿ, 20 ಸೆಕೆಂಡು. ಏಪ್ರಿಲ್‌ನಲ್ಲಿ ಇಲ್ಲಿನ ಕೋಣೆಯೇ 32 ಡಿಗ್ರಿ ದಾಟುತ್ತದೆ. ಆ ಬಿಸಿಯಲ್ಲಿ ಗೆರೆಗಳ ಬಾಯಿ ಅಗಲವಾಗಿ ಒಂದಕ್ಕೊಂದು ಕೂಡಿಬಿಡುತ್ತವೆ. ಮೀನುಪೇಟೆಯ ಐಸ್ ತುಂಬಿದ ಥರ್ಮೋಕೋಲ್ ಪೆಟ್ಟಿಗೆಯೊಳಗೆ ನೀರಿನ ಪಾತ್ರೆ, ಅದರಲ್ಲಿ ಆಮ್ಲದ ಬೀಕರ್, ಪಕ್ಕದಲ್ಲೇ ಥರ್ಮಾಮೀಟರ್. ಸಾವಿರಾರು ರೂಪಾಯಿಯ ಚಿಲ್ಲರ್ ಮಾಡುವ ಕೆಲಸವನ್ನು ಇದು ಅಚ್ಚುಕಟ್ಟಾಗಿ ಮಾಡಿತು. ವಯಸ್ಸು ಲೆಕ್ಕಹಾಕಲು ಗೆರೆಯ ಎಣಿಕೆಯ ಜೊತೆಗೆ ಕಣದಲ್ಲಿರುವ ಯುರೇನಿಯಂ ಎಷ್ಟೆಂದೂ ತಿಳಿಯಬೇಕು. ಆ ಅಳತೆಗೆ ರಿಯಾಕ್ಟರಿನ ಸರದಿ ಕಾಯದೆ, ಕಣವನ್ನು ಲೇಸರಿನಿಂದ ಕೆರೆದು ಅದರ ಧಾತುಗಳನ್ನು ಅಳೆಯುವ ಐಸಿಪಿ-ಎಂಎಸ್ ಯಂತ್ರ ಹಿಡಿದೆ. ಖರ್ಚಿನ ದೊಡ್ಡ ಪಾಲು ಅದೇ. ಎಣಿಕೆ ಮುಗಿಸಿದ ಮೇಲೇ ಲೇಸರ್. ಅದು ಗುಂಡಿ ತೋಡಿದ ಕಣವನ್ನು ಮತ್ತೆ ಎಣಿಸಲಾಗದು.

ಬರುವ ವಯಸ್ಸು ಬೆಟ್ಟ ಎದ್ದದ್ದರದಲ್ಲ, ಬಂಡೆ ತಣಿದದ್ದರದು. ಮೇಲಿನ ಕಲ್ಲು ಸವೆಯದೆ ಬೆಟ್ಟವಷ್ಟೇ ಎದ್ದರೆ ಅಪಟೈಟಿಗೆ ಅದರ ಸುಳಿವೇ ಇಲ್ಲ. ಗೆರೆಯ ಉದ್ದ ಅಳೆಯದೆ ವಯಸ್ಸು ಮಾತ್ರ ಕೊಡುವವರನ್ನು ನಾನು ನಂಬುವುದಿಲ್ಲ. ಹುಟ್ಟುವಾಗ ಸುಮಾರು 16 ಮೈಕ್ರಾನ್ ಇರುವ ಗೆರೆ 60–120 ಡಿಗ್ರಿಯ ವಲಯದಲ್ಲಿ ತಂಗಿದಷ್ಟೂ ಕುಗ್ಗುತ್ತದೆ. ನಿಧಾನ ಸವೆತವೋ ಅವಸರದ್ದೋ ಅಲ್ಲಿ ಗೊತ್ತಾಗುತ್ತದೆ.

ಇದರ ನಡುವೆ ಪಯಸ್ವಿನಿ ಹೊಳೆಯ ಮರಳಿನಿಂದ ಬೆರಿಲಿಯಂ-10ಕ್ಕೂ ಕೈಹಾಕಿದೆ. ಕಾಸ್ಮಿಕ್ ಕಿರಣ ತಾಗಿ ಕ್ವಾರ್ಟ್ಜಿನಲ್ಲಿ ಹುಟ್ಟುವ ಈ ಐಸೋಟೋಪಿನಿಂದ ನೆಲ ಸವೆಯುವ ವೇಗ ತಿಳಿಯುತ್ತದೆ. ಕ್ವಾರ್ಟ್ಜ್ ಶುದ್ಧವಾಗಲು ಶೇ. 1ರ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಈ ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಮೇಜಿನ ಮೇಲಿಲ್ಲದೆ ಬಾಟಲಿ ತೆರೆಯಬಾರದು. ಬೆರಿಲಿಯಂ-10 ಹುಟ್ಟುವುದು ಹೆಚ್ಚಾಗಿ ನೆಲದ ಮೇಲಿನ ಒಂದೆರಡು ಮೀಟರಿನಲ್ಲಿ. ಕೋರೆಯ ಹುಡಿ ಆಳದ ಕಲ್ಲಿನದು, ಅದರಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಅಂಥ ಹುಡಿ ಬೆರೆತ ಮರಳು ಸವೆತದ ವೇಗವನ್ನು ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಹಾಗಾಗಿ ಮರಳನ್ನು ಕೋರೆಗಳಿಗಿಂತ ಮೇಲಿನ ಹರಿವಿನಲ್ಲೇ ತುಂಬಿಸಿಕೊಳ್ಳಿ.