ಹುಳಿಯನ್ನೂ ಸೋಡವನ್ನೂ ಒಟ್ಟಿಗೆ ಸುರಿಯಬೇಡಿ

ಸಿಂಕು ಜಿಡ್ಡುಗಟ್ಟಿದೆ, ನಲ್ಲಿ ಬಾಯಿಗೆ ಸುಣ್ಣ ಕಟ್ಟಿದೆ ಅಂದರೆ ಈಗಿನ ಮಕ್ಕಳು ಮೊದಲು ಮಾಡುವುದು ಅಡುಗೆ ಸೋಡ ಉದುರಿಸಿ ಮೇಲೆ ವಿನೆಗರ್ ಸುರಿಯುವ ಕೆಲಸ. ಬುಸ್ಸೆಂದು ನೊರೆ ಬರುತ್ತದೆ, ನೋಡಲು ಚೆನ್ನಾಗಿರುತ್ತದೆ. ಆದರೆ ಆ ನೊರೆಯಲ್ಲೇ ಎರಡರ ಶಕ್ತಿಯೂ ಮುಗಿದುಹೋಗುತ್ತದೆ. ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪು ಕರಗಿದ ನೀರು. ಅದು ಸುಣ್ಣವನ್ನೂ ಕರಗಿಸದು, ಜಿಡ್ಡನ್ನೂ ಬಿಡಿಸದು. ಸುಣ್ಣಕ್ಕೆ ಹುಳಿ, ಜಿಡ್ಡಿಗೆ ಸೋಡ. ಒಂದನ್ನು ಹಾಕಿ, ಚೆನ್ನಾಗಿ ತೊಳೆದು, ಆಮೇಲೆ ಬೇಕಿದ್ದರೆ ಇನ್ನೊಂದು.

ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗಳಿಗೆ ಸುಣ್ಣದ ಕಾಟ ಕಡಿಮೆ. ಬೋರ್‌ವೆಲ್ಲನ್ನೋ ಟ್ಯಾಂಕರನ್ನೋ ನಂಬಿದವರ ಪಾಡು ಬೇರೆ. ಇಂಗಿದ ಮಳೆನೀರು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗಿ, ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೈಕಾರ್ಬನೇಟ್ ರೂಪದಲ್ಲಿ ಹೊತ್ತು ತರುತ್ತದೆ. ಗೀಸರಿನಲ್ಲಿ ಕಾದಾಗ ಆ ಅನಿಲ ಹಾರಿಹೋಗಿ ಕ್ಯಾಲ್ಸಿಯಂ ಕಾರ್ಬನೇಟ್, ಅಂದರೆ ನಾವು ಸುಣ್ಣ ಅನ್ನುವುದು, ಪದರವಾಗಿ ಕೂರುತ್ತದೆ. ಬಿಸಿನೀರಿನ ಪಾತ್ರೆಗೇ ಹೆಚ್ಚು ಬಿಳಿ ಕಟ್ಟುವುದು ಇದಕ್ಕೇ.

ಇದಕ್ಕೆ ಅಂಗಡಿಯ ಟಾಯ್ಲೆಟ್ ಆ್ಯಸಿಡ್ ತರಬೇಡಿ. ಅದರಲ್ಲಿರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ, ನೀರಿಗೆ ಬಿದ್ದ ಕೂಡಲೇ ಅದರ ಕಣಗಳೆಲ್ಲ ಒಡೆದು, ಇದ್ದ ಹುಳಿಯನ್ನೆಲ್ಲ ಒಮ್ಮೆಲೇ ಬಿಟ್ಟು, ಸುಣ್ಣದ ಜೊತೆಗೆ ನಲ್ಲಿಯ ಹೊಳಪನ್ನೂ ತಿನ್ನುತ್ತದೆ. ವಿನೆಗರಿನ ಅಸಿಟಿಕ್ ಆಮ್ಲ ದುರ್ಬಲ ಆಮ್ಲ. ಯಾವ ಹೊತ್ತಿನಲ್ಲಿ ನೋಡಿದರೂ ಅದರ ನೂರು ಕಣಗಳಲ್ಲಿ ಒಂದು ಕೂಡ ಒಡೆದಿರುವುದಿಲ್ಲ. ಉಳಿದದ್ದನ್ನು ಜಾಣ ಗೃಹಿಣಿ ಡಬ್ಬಿಯಲ್ಲಿಟ್ಟ ಹಣದ ಹಾಗೆ ಇಟ್ಟುಕೊಂಡು, ಖರ್ಚಾದಷ್ಟೇ ಮತ್ತೆ ಹೊರಗೆ ಬಿಡುತ್ತದೆ. ಹಾಗಾಗಿ ಅದಕ್ಕೆ ಸಮಯ ಕೊಡಬೇಕು. ಹಳೇ ಬಟ್ಟೆಯನ್ನು ವಿನೆಗರಿನಲ್ಲಿ ನೆನೆಸಿ ರಾತ್ರಿ ನಲ್ಲಿಗೆ ಸುತ್ತಿಡಿ, ಬೆಳಿಗ್ಗೆ ಹಳೇ ಬ್ರಶ್ಶಿನಿಂದ ಉಜ್ಜಿ ತೊಳೆಯಿರಿ. ಎಲೆಕ್ಟ್ರಿಕ್ ಕೆಟಲ್ಲಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ನನ್ನ ಮೆಚ್ಚಿನದು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಹಾಕಿ ಅರ್ಧ ಗಂಟೆ ಬಿಡಿ. ವಾಸನೆಯೂ ಇಲ್ಲ.

ಇನ್ನು ಉಪ್ಪುಗಳ ವಿಚಾರ. ಇಲ್ಲಿ ಉಪ್ಪು ಅಂದರೆ ಆಮ್ಲವೂ ಅದಕ್ಕೆ ಎದುರಾದ ಪ್ರತ್ಯಾಮ್ಲವೂ (ಕ್ಷಾರ) ಸೇರಿ ಆದದ್ದು. ಉಪ್ಪು ಕರಗಿದ ನೀರು ಎಲ್ಲಾ ಒಂದೇ ಅಂದುಕೊಂಡವರೇ ಹೆಚ್ಚು. ಸಾರಿಗೆ ಹಾಕುವ ಉಪ್ಪು ಬಲವಾದ ಆಮ್ಲ, ಬಲವಾದ ಪ್ರತ್ಯಾಮ್ಲಗಳು ಸೇರಿ ಆದದ್ದು, ಅದು ನೀರನ್ನು ಯಾವ ಕಡೆಗೂ ವಾಲಿಸದು. ಸೋಡವೂ ಉಪ್ಪೇ, ಆದರೆ ಹಾಗಲ್ಲ. ಅದರ ಆಮ್ಲದ ಕಡೆ ದುರ್ಬಲವಾದ ಕಾರ್ಬಾನಿಕ್ ಆಮ್ಲ, ಇನ್ನೊಂದು ಕಡೆ ಬಲವಾದ ಸೋಡಿಯಂ ಹೈಡ್ರಾಕ್ಸೈಡ್. ಕರಗಿದಾಗ ಕಾರ್ಬನೇಟು ನೀರಿನಿಂದಲೇ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ನೀರು ಕ್ಷಾರದ ಕಡೆಗೆ ವಾಲುತ್ತದೆ. ಹುಳಿ, ಕ್ಷಾರಗಳ ಅಳತೆಯಾದ ಪಿಎಚ್ 7 ಇದ್ದರೆ ಯಾವ ಕಡೆಯೂ ಅಲ್ಲ, ಮೇಲೇರಿದಷ್ಟೂ ಕ್ಷಾರ. ಅಡುಗೆ ಸೋಡದ ನೀರಿನ ಪಿಎಚ್ ಸುಮಾರು 8.3, ಬಟ್ಟೆ ಒಗೆಯುವ ಸೋಡದ್ದು 11ರ ಹತ್ತಿರ. ಚಿಮಣಿಯ ಜಾಲರಿಯಲ್ಲಿ ಕೂತ ಎಣ್ಣೆ ಜಿಡ್ಡಿಗೆ ಎರಡನೆಯದೇ ಸರಿ. ಕೈಗವಸು ಹಾಕಿಕೊಳ್ಳಿ, ಜಾಲರಿ ಅಲ್ಯೂಮಿನಿಯಂನದಾದರೆ ಬೇಡ, ಕಪ್ಪಾಗುತ್ತದೆ. ಪಟಿಕ ಇದಕ್ಕೆ ತಿರುಗುಮುರುಗು, ಅದರ ಪ್ರತ್ಯಾಮ್ಲದ ಕಡೆಯೇ ದುರ್ಬಲ, ಕರಗಿದ ನೀರು ಹುಳಿ. ಸೋಪೂ ಒಂದು ಉಪ್ಪೇ, ಕೊಬ್ಬಿನ ದುರ್ಬಲ ಆಮ್ಲದ್ದು. ಸೋಪಿನ ನೀರಿಗೆ ನಿಂಬೆಹಣ್ಣು ಹಿಂಡಿದರೆ ಕೊಬ್ಬು ಬೇರೆಯಾಗಿ ಒಡೆದ ಹಾಲಿನಂತಾಗುವುದು ಅದಕ್ಕೇ. ಅಂಥ ನೀರು ಏನನ್ನೂ ತೊಳೆಯದು.

ಯಾವುದು ಯಾವ ಕಡೆ ಅಂತ ತಿಳಿಯಲು ಅರಿಶಿನ ಸಾಕು. ಆರತಿ ನೀರಿಗೆ ಅರಿಶಿನ, ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ನೋಡಿದ್ದೀರಿ. ಅದೇ ತತ್ವ. ಬಿಳಿ ಕಾಗದಕ್ಕೆ ಅರಿಶಿನ ನೀರು ಬಳಿದು ಒಣಗಿಸಿ ಇಟ್ಟುಕೊಳ್ಳಿ. ಬಟ್ಟೆ ಸೋಡ ತಾಗಿದರೆ ಕೆಂಪು, ಹುಳಿ ತಾಗಿದರೆ ಹಳದಿಯೇ. ಸೀರೆಗೆ ಬಿದ್ದ ಸಾರಿನ ಕಲೆ ಸೋಪು ಹಚ್ಚಿದ ತಕ್ಷಣ ಕೆಂಪಾದರೆ ಗಾಬರಿ ಬೇಡ. ಸೋಪು ಹೋಗುವಂತೆ ಜಾಲಿಸಿ, ಹತ್ತಿ ಬಟ್ಟೆಯಾದರೆ ಬಿಸಿಲಿಗೆ ಹಾಕಿ, ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ರೇಷ್ಮೆಗೆ ಮಾತ್ರ ಸೋಡ ಬೇಡವೇ ಬೇಡ, ಅದು ನಾರನ್ನೇ ಹಾಳು ಮಾಡುತ್ತದೆ.

ಅಡುಗೆಯಲ್ಲೂ ಇದೇ ಲೆಕ್ಕ. ತೊಗರಿಬೇಳೆ ಪೂರ್ತಿ ಬೇಯುವ ಮುಂಚೆ ಹುಣಸೆಹುಳಿ ಬಿದ್ದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಅಲ್ಯೂಮಿನಿಯಂ ಕುಕ್ಕರ್ ಒಳಗೆ ಕಪ್ಪಾಗುತ್ತಿದ್ದರೆ ತಳದ ನೀರಿಗೆ ಹಿಂಡಿದ ನಿಂಬೆ ಸಿಪ್ಪೆ ಹಾಕಿ.

ಮನೆಯ ಕಲ್ಲು ನೋಡಿ ಹುಳಿ ಬಳಸಿ. ಸಾದರಹಳ್ಳಿ ಕಲ್ಲು ಗ್ರಾನೈಟ್, ಹೆದರಬೇಕಿಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಮೊಸಾಯಿಕ್ ನೆಲ, ರೆಡ್ ಆಕ್ಸೈಡ್ ನೆಲ, ಮಾರ್ಬಲ್, ಕಡಪ ಕಲ್ಲು ಇವುಗಳಲ್ಲೆಲ್ಲ ಸುಣ್ಣದ ಅಂಶವಿದೆ. ನಿಂಬೆರಸ ಕೂಡ ಹೊಳಪು ಕೆಡಿಸಿ ಗುರುತು ಉಳಿಸುತ್ತದೆ, ಆಮೇಲೆ ಪಾಲಿಶ್ ಮಾಡಿಸದೆ ಹೋಗದು.

ಕೊನೆಯದನ್ನು ಮನೆಗೆಲಸಕ್ಕೆ ಬರುವವರಿಗೂ ಬಿಡಿಸಿ ಹೇಳಿ. ಬ್ಲೀಚಿಂಗ್ ಪೌಡರಿಗೆ ವಿನೆಗರ್ ಆಗಲಿ ಟಾಯ್ಲೆಟ್ ಆ್ಯಸಿಡ್ ಆಗಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಗಾಜು ಒರೆಸುವ ಅಮೋನಿಯ ದ್ರಾವಣವೂ ಬ್ಲೀಚಿನ ಹತ್ತಿರ ಬರಬಾರದು. ಇವುಗಳ ಡಬ್ಬಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಿ, ಖಾಲಿ ನೀರಿನ ಬಾಟಲಿಗೆ ಯಾವುದನ್ನೂ ತುಂಬಿಸಬೇಡಿ.